ಕಡಲಲ್ಲಿ ಕಾಲೂರುವ ಕೆಲಸ

ರಿಗ್ಗಿನಲ್ಲಿ ಕೆಲಸ ಮಾಡ್ತಿದ್ದೆ ಅಂದರೆ ಎಲ್ಲರೂ ಎಣ್ಣೆ ಬಾವಿ ಕೊರೆಯುವುದರ ಬಗ್ಗೆಯೇ ಕೇಳುತ್ತಾರೆ. ನನ್ನದು ಅದಕ್ಕೂ ಮುಂಚಿನ ಕೆಲಸ. ರಿಗ್ಗನ್ನು ಸಮುದ್ರದಲ್ಲಿ ನೆಟ್ಟಗೆ ನಿಲ್ಲಿಸುವುದು. ಜಾಗ ಬಾಂಬೆ ಹೈ ಅನ್ನುವ ಕಡಲ ಎಣ್ಣೆ ಕ್ಷೇತ್ರ: ಮುಂಬೈಯಿಂದ ಸುಮಾರು 160 ಕಿಲೋಮೀಟರ್ ಆಚೆ, 75 ಮೀಟರ್ ಆಸುಪಾಸಿನ ನೀರು.

ಒಂದು ರೂಪಾಯಿ ನೋಟಿನ ಹಿಂಬದಿಯಲ್ಲಿ ಒಂದು ರಿಗ್ ಇದೆ, ನೋಡಿದ್ದೀರಾ? ಅದೇ ಸಾಗರ್ ಸಮ್ರಾಟ್. ಜಪಾನಿನಲ್ಲಿ ಕಟ್ಟಿದ್ದು. 1974ರಲ್ಲಿ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿದ್ದು ಅದು ಕೊರೆದ ಬಾವಿಯಲ್ಲಿ. ನಮ್ಮದೂ ಅದೇ ಜಾತಿ, ಜಾಕ್‌ಅಪ್. ಕಾಲುಗಳನ್ನು ಮೇಲೆತ್ತಿಕೊಂಡು ಅದನ್ನು ಎಳೆಯುವ ಟಗ್ ದೋಣಿಗಳ ಹಿಂದೆ ತೇಲುತ್ತಾ ಬರುತ್ತದೆ. ಜಾಗ ಸೇರಿದ ಮೇಲೆ ಕಾಲು ಇಳಿಸಿ, ಆ ಕಾಲುಗಳನ್ನೇ ಹಿಡಿದು ತಾನು ಮೇಲೇರುತ್ತದೆ.

ಮೊದಮೊದಲು ಹೀಗಿರಲಿಲ್ಲ. 1954ರಲ್ಲಿ ಅಮೆರಿಕದ ಲೂಸಿಯಾನಾ ಕಡಲಿಗಿಳಿದ 'ಮಿಸ್ಟರ್ ಚಾರ್ಲಿ' ರಿಗ್ಗಿನ ಬಾರ್ಜಿಗೆ, ಅಂದರೆ ಚಪ್ಪಟೆ ತಳದ ತೇಲುವ ಒಡಲಿಗೆ, ನೀರು ತುಂಬಿಸಿ ತಳದಲ್ಲೇ ಕೂರಿಸುತ್ತಿದ್ದರು. ಸುಮಾರು 12 ಮೀಟರ್ ಆಳದವರೆಗೆ ಸರಿ, ಅದಕ್ಕಿಂತ ಜಾಸ್ತಿ ಆದರೆ ಆಗದು. 1956ರ ಹೊತ್ತಿಗೆ ಅಮೆರಿಕದ ಯಂತ್ರ ತಯಾರಕ ಲೆಟೂರ್ನೋ ಕಟ್ಟಿದ 'ಸ್ಕಾರ್ಪಿಯನ್' ಜಾಕ್‌ಅಪ್ ಬಂತು. ಜಾಲರಿಯಂಥ ಮೂರು ಕಾಲು, ಕಾಲಿನುದ್ದಕ್ಕೂ ಹಲ್ಲು, ಅದನ್ನು ಕಚ್ಚಿ ತಿರುಗುವ ಮೋಟಾರಿನ ಪಿನಿಯನ್, ಅಂದರೆ ಸಣ್ಣ ಹಲ್ಲುಗಾಲಿ. 80ರ ದಶಕದಲ್ಲಿ ನಾನು ಮೊದಲು ಹತ್ತಿದ ರಿಗ್ಗಿನಲ್ಲೂ ಅದೇ ವಿದ್ಯೆ. ಗ್ರೀಸ್ ಮೆತ್ತಿದ ಒಂದೊಂದು ಹಲ್ಲೂ ನನ್ನ ಅಂಗೈಗಿಂತ ಅಗಲ.

ಕಾಲು ತಳ ಮುಟ್ಟಿತು ಅಂದರೆ ಕೆಲಸ ಮುಗೀತು ಅಂದ್ಕೋಬೇಡಿ. ಕಷ್ಟ ಶುರುವಾಗೋದೇ ಆಗ. ಕೆಳಗಿನ ಮಣ್ಣು ಎಷ್ಟು ಭಾರ ತಡೆಯುತ್ತದೆ ಅಂತ ಅಲ್ಲೇ ಪರೀಕ್ಷೆ ಆಗಬೇಕು. ಅದಕ್ಕೆ ರಿಗ್ಗನ್ನು ನೀರಿನಿಂದ ಒಂದೂವರೆ ಮೀಟರಿನಷ್ಟು ಮಾತ್ರ ಎತ್ತಿ, ಟ್ಯಾಂಕುಗಳಿಗೆ ಸಾವಿರಾರು ಟನ್ ಸಮುದ್ರದ ನೀರು ತುಂಬುತ್ತೇವೆ. ಇದೇ ಪ್ರೀಲೋಡ್. ಮುಂದೆ ಬಿರುಗಾಳಿ ಬಂದರೆ ಕಾಲಿನ ಮೇಲೆ ಬೀಳುವ ಭಾರವನ್ನು ಇವತ್ತೇ ಹೇರಿ ನೋಡುವುದು. ಆಮೇಲೆ ಗಂಟೆಗಟ್ಟಲೆ ಕಾಯುವುದು. ನಮ್ಮಲ್ಲಿ ಮಟ್ಟ ನೋಡಲು ನೀರು ತುಂಬಿದ ಪ್ಲಾಸ್ಟಿಕ್ ಪೈಪ್ ಇತ್ತು. ಊರಲ್ಲಿ ಗಾರೆ ಕೆಲಸದವರು ಪಾಯಕ್ಕೆ ಹಿಡಿಯುತ್ತಾರಲ್ಲ, ಅದೇ.

ಒಂದು ರಾತ್ರಿ ಟ್ಯಾಂಕ್ ಮುಕ್ಕಾಲು ತುಂಬಿತ್ತು. ಪೈಪಿನ ನೀರು ಒಂದು ಕಡೆ ನಿಧಾನಕ್ಕೆ ಏರತೊಡಗಿತು. ನಾನು ಕೂಗುವಷ್ಟರಲ್ಲಿ ಎಡಗಾಲು ದಡಕ್ಕನೆ ಅರ್ಧ ಮೀಟರ್ ಕುಸಿಯಿತು. ಮೇಲೆ ಗಟ್ಟಿ ಪದರ, ಅಡಿಯಲ್ಲಿ ಮೆತ್ತನೆ ಕೆಸರು. ರೊಟ್ಟಿ ಮೇಲೆ ಬೆರಳಿಟ್ಟು ಒತ್ತಿದರೆ ತೂತಾಗುವ ಹಾಗೆ. ರಿಗ್ ಎತ್ತರದಲ್ಲಿದ್ದು ಕಾಲು ಇನ್ನೂ ಕುಸಿದಿದ್ದರೆ ಆ ವಾಲಿಕೆಗೆ ಕಾಲೇ ಬಾಗಬಹುದಿತ್ತು. ತಗ್ಗಿನಲ್ಲಿದ್ದರೆ ರಿಗ್ಗಿನ ತಳ ಬೇಗ ನೀರಿಗೆ ತಾಗಿ, ನೀರೇ ಅದನ್ನು ತಡೆದು ಹಿಡಿಯುತ್ತದೆ.

ಕೂಡಲೇ ವಾಲ್ವ್ ತೆರೆದು ನೀರು ಹೊರಗೆ ಬಿಟ್ಟೆವು. ಉಳಿದ ಎರಡು ಕಾಲಿನ ಕಡೆ ರಿಗ್ಗನ್ನು ಇಂಚಿಂಚಾಗಿ ಇಳಿಸಿ ಮಟ್ಟಕ್ಕೆ ತಂದು, ಮತ್ತೆ ಮೊದಲಿನಿಂದ ನೀರು ತುಂಬಿದೆವು. ನನಗೋ ಬೇಗ ಮುಗಿಸುವ ಆತುರ. ಕಾರವಾರ ಕಡೆಯ ಹಿರಿಯ ಬಾರ್ಜ್ ಎಂಜಿನಿಯರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಗಡಿಬಿಡಿ ಮಾಡ್ಬೇಡ ತಮಾ, ಅದು ತಾನಾಗಿ ಕೂತ್ಕೊಳ್ಳಲಿ" ಅಂದರು.

ಅವತ್ತಿಂದ ಪ್ರೀಲೋಡ್ ದಿನ ನಾನು ಪೈಪಿನ ಪಕ್ಕ ಬಿಟ್ಟು ಏಳಲಿಲ್ಲ, ಊಟವೂ ಅಲ್ಲೇ. ಆ ಸಲ ಬೆಳಗಿನ ಜಾವದವರೆಗೆ ನೀರು ಕೂದಲೆಳೆಯಷ್ಟೂ ಅಲುಗಲಿಲ್ಲ. ಟ್ಯಾಂಕ್ ಖಾಲಿ ಮಾಡಿ, ಅಲೆ ಮುಟ್ಟದ ಎತ್ತರಕ್ಕೆ ರಿಗ್ ಏರಿಸಿ, ಕೊರೆಯುವವರಿಗೆ ಬಿಟ್ಟುಕೊಟ್ಟೆವು.