ಪಿಎಂಪಿ: ಶೇ. 60ಕ್ಕೆ ಅಂಟಿಕೊಂಡಿದ್ದ ನನ್ನ ಅಂಕ

2023ರಲ್ಲಿ ಪಿಎಂಪಿಗೆ (ಪ್ರಾಜೆಕ್ಟ್ ನಿರ್ವಹಣೆಯ ಸರ್ಟಿಫಿಕೇಟ್ ಪರೀಕ್ಷೆ) ಓದುವಾಗ ಮಾಕ್ ಟೆಸ್ಟಿನಲ್ಲಿ ನನ್ನ ಅಂಕ ಶೇ. 60ರಿಂದ ಮೇಲೇಳಲೇ ಇಲ್ಲ. ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಮುಂಬೈ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಅರ್ನ್ಡ್ ವ್ಯಾಲ್ಯೂ (ಆದ ಕೆಲಸವನ್ನು ಯೋಜನೆ, ಖರ್ಚಿನ ಜೊತೆ ಹೋಲಿಸುವ ಲೆಕ್ಕ) ಸೂತ್ರಗಳನ್ನು ಉರುಹೊಡೆದದ್ದೇ ಬಂತು.

ಒಂದು ಭಾನುವಾರ ತಪ್ಪಾದ ಉತ್ತರಗಳನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸಿದೆ. ರೋಗ ಗೊತ್ತಾಯ್ತು: ನಮ್ಮ ಆಫೀಸಿನಲ್ಲಿ ನಡೆಯುವ ಹಾಗೇ ಉತ್ತರ ಕೊಡುತ್ತಿದ್ದೆ. ಟೀಮಿನಲ್ಲಿ ಇಬ್ಬರಿಗೆ ಜಗಳವೇ? 'ಮೇಲಿನವರಿಗೆ ತಿಳಿಸು' ಅಂತ ಟಿಕ್. ಗ್ರಾಹಕ ನಡುವೆ ಹೊಸದೇನೋ ಕೇಳಿದನೇ? 'ಸರಿ, ಮಾಡಿಕೊಡು'. (ನಮ್ಮಲ್ಲಿ ಆಗುವುದು ಅದೇ!) ಪರೀಕ್ಷೆಗೆ ಬೇಕಿದ್ದದ್ದೇ ಬೇರೆ. ಮೊದಲು ಆ ಇಬ್ಬರನ್ನೇ ಕೂರಿಸಿ ಮಾತಾಡಬೇಕು; ಬದಲಾವಣೆಯಿಂದ ಸಮಯ, ಖರ್ಚಿಗೆ ಎಷ್ಟು ಪೆಟ್ಟು ಅಂತ ಲೆಕ್ಕ ಹಾಕಿ, ಆಮೇಲೆ ಒಪ್ಪಿಗೆಗೆ ಕಳಿಸಬೇಕು. 'ಮೊದಲು ಏನು ಮಾಡಬೇಕು' ಅನ್ನುವಲ್ಲಿ ಕಣ್ಣು ನಿಲ್ಲಿಸುವುದು ರೂಢಿಯಾದ ಮೇಲೆ ಅಂಕ 75 ದಾಟಿತು.

ಇನ್ನು ಸಮಯ. ಆಗ 180 ಪ್ರಶ್ನೆ, 230 ನಿಮಿಷ. 60 ಪ್ರಶ್ನೆಗೊಮ್ಮೆ 10 ನಿಮಿಷದ ವಿರಾಮ, ಒಟ್ಟು ಎರಡು. ವಿರಾಮಕ್ಕೆ ಎದ್ದರೆ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ಅಡುಗೆಮನೆಯ ಕುಕ್ಕರ್ ಸೀಟಿ ಕೇಳಿಸಿಕೊಂಡೇ 75 ನಿಮಿಷಕ್ಕೆ 60 ಮುಗಿಸಲು ಕಲಿತೆ. ಪರೀಕ್ಷೆಯ ದಿನ ಕೊನೆಗೆ 6 ನಿಮಿಷ ಉಳಿದಿತ್ತು.