ಮೂರು ಸಲ ಗೆದ್ದ ಪಂಚಾಯಿತಿ ಮೆಂಬರ್ ನಾಲ್ಕನೇ ಸಲ ನಿಲ್ಲುವ ಮುಂಚೆ

ಮೂರು ಅವಧಿ ಗೆದ್ದ ಗ್ರಾಮ ಪಂಚಾಯಿತಿ ಮೆಂಬರ್‌ಗೆ ವಾರ್ಡಿನ ಮನೆಮನೆಯಲ್ಲೂ ಒಂದೊಂದು ಹಳೆಯ ಬಾಕಿ ಇರುತ್ತದೆ. ಒಂದು ಮನೆಯವರ ಹೆಸರು ವಸತಿ ಪಟ್ಟಿಯಿಂದ ಬಿಟ್ಟುಹೋಗಿರುತ್ತದೆ. ಇನ್ನೊಬ್ಬರ ಬಾಗಿಲ ಮುಂದೆ ಗಟಾರು ಅರ್ಧಕ್ಕೆ ನಿಂತಿರುತ್ತದೆ. ಮತ್ತೊಬ್ಬರ ಉತಾರದಲ್ಲಿ (ಮನೆ-ಜಾಗದ ದಾಖಲೆ) ಅಳತೆ ತಪ್ಪಿ ಮೂರು ವರ್ಷವಾಗಿರುತ್ತದೆ. ಹೊಸಬನಿಗೆ ಈ ಭಾರವಿಲ್ಲ. ಅದಕ್ಕೇ ಹಳಬರ ತಯಾರಿ ಚುನಾವಣೆ ಘೋಷಣೆಗೆ ಕನಿಷ್ಠ ಆರು ತಿಂಗಳ ಮೊದಲೇ ಶುರುವಾಗಬೇಕು. ನೀತಿ ಸಂಹಿತೆ ಬಂತೆಂದರೆ ಹೊಸ ಕಾಮಗಾರಿಗೆ ಕೈಹಚ್ಚುವಂತಿಲ್ಲ, ಫಲಾನುಭವಿಗಳನ್ನು ಆರಿಸುವಂತಿಲ್ಲ. ಆಗ ಕೈಯಲ್ಲಿ ಉಳಿಯುವುದು ಮಾತು ಮಾತ್ರ, ಹಳೆಯ ಮೆಂಬರ್‌ನ ಮಾತನ್ನು ಊರು ಆಗಲೇ ಸಾಕಷ್ಟು ಕೇಳಿರುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇನ್ನೊಂದು ಭಾರವೂ ಇದೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಹಾಗಾಗಿ 2020ರ ಡಿಸೆಂಬರ್‌ನಲ್ಲಿ ಆರಿಸಿ ಬಂದ ಗ್ರಾಮ ಪಂಚಾಯಿತಿ ಸದಸ್ಯನೇ ಜನರ ಕಣ್ಣಿಗೆ ಬೀಳುವ ಸರ್ಕಾರವಾದ. ಪಿಂಚಣಿ ನಿಂತರೂ ಅವನನ್ನೇ ಕೇಳುತ್ತಾರೆ, ಪಹಣಿಯಲ್ಲಿ ಹೆಸರು ತಪ್ಪಿದರೂ ಅವನನ್ನೇ.

ಮೊದಲ ಕೆಲಸ ದಫ್ತರ ತೆಗೆಸುವುದು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಐದು ವರ್ಷದ ನಡಾವಳಿ ಪುಸ್ತಕ, ವರ್ಷವಾರು ಕ್ರಿಯಾ ಯೋಜನೆ, ಕಾಮಗಾರಿಗಳ ಅಳತೆ ಪುಸ್ತಕ, ತೆರಿಗೆಯ ಬೇಡಿಕೆ-ವಸೂಲಿ-ಬಾಕಿ ತಖ್ತೆ ಕೇಳಿ ನೋಡಿ. ನಿಮ್ಮ ವಾರ್ಡಿನ ಕೆಲಸಗಳನ್ನಷ್ಟೇ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ: ಯಾವ ಓಣಿ, ಯಾವ ವರ್ಷ, ಯಾವ ಅನುದಾನ, ಎಷ್ಟು ಬಿಲ್, ಮುಗಿದಿದೆಯೋ ಇಲ್ಲವೋ. ಆಮೇಲೆ ಆ ಪುಸ್ತಕ ಹಿಡಿದು ಓಣಿಯಲ್ಲಿ ನಡೆಯಿರಿ. ಬಿಲ್ ಆಗಿದ್ದು ಕಾಣದ ಕೆಲಸ ಒಂದಾದರೂ ಸಿಕ್ಕರೆ ಅದನ್ನು ನೀವೇ ಮೊದಲು ಎತ್ತಬೇಕು, ಸಾಮಾನ್ಯ ಸಭೆಯಲ್ಲಿ ಬರಹದಲ್ಲಿ. ಹತ್ತು ರೂಪಾಯಿ ಶುಲ್ಕ ಕಟ್ಟಿದ ಯಾವ ಹುಡುಗನಾದರೂ ಮಾಹಿತಿ ಹಕ್ಕಿನಲ್ಲಿ ಅದೇ ಕಾಗದ ತೆಗೆಸಬಲ್ಲ. ಅವನು ಅದನ್ನು ಅಗಸಿ ಕಟ್ಟೆಯ ಮೇಲೆ ಓದಿದ ದಿನ ಹದಿನೈದು ವರ್ಷದ ಹೆಸರು ಹೋಗುತ್ತದೆ.

ಹಣದ ಲೆಕ್ಕವನ್ನು ಜನರಿಗೆ ಬಿಡಿಸಿ ಹೇಳಬೇಕು. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಾಗಿತ್ತು, ಸ್ಥಳೀಯ ಅಗತ್ಯಕ್ಕೆ ಉಳಿದದ್ದು ಶೇ 40. ಸಮುದಾಯ ಭವನ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿದೆ. ಪಿಂಚಣಿ ನಾಡಕಚೇರಿಯದು, ಪಹಣಿ ಕಂದಾಯ ಇಲಾಖೆಯದು, ಬಹುಗ್ರಾಮ ಯೋಜನೆಯ ನೀರು ಮೇಲಿನ ಪಂಪ್‌ಹೌಸಿನಿಂದಲೇ ಬರದಿದ್ದರೆ ಪಂಚಾಯಿತಿಯ ನೀರಗಂಟಿ ವಾಲ್ವ್ ತಿರುಗಿಸಿ ಫಲವಿಲ್ಲ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ನುಣುಚಿಕೊಂಡಂತೆ ಕೇಳುತ್ತದೆ. ನೀವು ಕೊಟ್ಟ ಮನವಿಯ ಸ್ವೀಕೃತಿ ಪ್ರತಿ ತೋರಿಸಿದರೆ ನಂಬುತ್ತಾರೆ. ಸ್ವೀಕೃತಿ ಇಲ್ಲದಿದ್ದರೆ ಇವತ್ತೇ ಮನವಿ ಬರೆಯಿರಿ.

ತುರ್ತಾಗಿ ಮುಗಿಸಬೇಕಾದವು ಸಣ್ಣ ಕೆಲಸಗಳೇ. ಜಲಜೀವನ್ ಪೈಪಿಗೆ ಅಗೆದ ಸಿಮೆಂಟ್ ರಸ್ತೆಯನ್ನು ಮತ್ತೆ ಮುಚ್ಚಿಸುವುದು, ಉರಿಯದ ಬೀದಿದೀಪ, ಆಸ್ತಿಯ ಉತಾರಗಳಾದ ನಮೂನೆ 9 ಮತ್ತು 11ರಲ್ಲಿ ತಪ್ಪಿದ ಹೆಸರು. ಒಂದು ಲಕ್ಷದ ಕಾಮಗಾರಿಗಿಂತ ಸರಿಯಾದ ಒಂದು ಉತಾರ ಆ ಮನೆಯಲ್ಲಿ ಹೆಚ್ಚು ಕಾಲ ನೆನಪಿರುತ್ತದೆ.

ವಾರ್ಡ್ ಸಭೆಯನ್ನು ಹಾಳೆಯ ಮೇಲೆ ಮಾತ್ರ ನಡೆಸಿದ್ದರೆ ಈಗಲಾದರೂ ಸರಿಯಾಗಿ ನಡೆಸಿ. ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಂದು ಸಲ ಆಗಲೇಬೇಕು. ಡಂಗುರ ಹೊಡೆಸಿ, ಹೆಣ್ಣುಮಕ್ಕಳು ಬರುವ ಹೊತ್ತಿಗೆ ಇಡಿ. ಕಬ್ಬಿನ ಹಂಗಾಮಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಕರೆದರೆ ಕಟ್ಟೆಯ ಮೇಲಿನ ಹಿರಿಯರಷ್ಟೇ ಬರುತ್ತಾರೆ.

ಮತದಾರರ ಪಟ್ಟಿ

ಪಂಚಾಯಿತಿ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯನ್ನು ವಾರ್ಡುಗಳಿಗೆ ಹಂಚಿ. ಹಂಚುವಾಗಲೇ ತಪ್ಪು ನುಸುಳುತ್ತದೆ: ಅಣ್ಣ 2ನೇ ವಾರ್ಡಿನಲ್ಲಿ, ಅದೇ ಮನೆಯ ತಮ್ಮ 3ರಲ್ಲಿ. ಅಥಣಿ, ರಾಯಬಾಗ ಕಡೆಯ ತೋಟದ ವಸ್ತಿಗಳಲ್ಲಿ ಮನೆಗಳು ಊರಿಂದ ದೂರ ಚದುರಿರುವುದರಿಂದ ಇದು ಹೆಚ್ಚು. ಕರಡು ಪಟ್ಟಿ ಅಂಟಿಸಿದ ದಿನವೇ ಪ್ರತಿ ತಂದು ಮನೆಮನೆ ತಿರುಗಿ ಗುರುತು ಹಾಕಿ: ಊರಲ್ಲಿದ್ದವರು, ದುಡಿಯಲು ಹೋದವರು, ಲಗ್ನವಾಗಿ ಹೋದವರು, ತೀರಿಹೋದವರು. ಆಕ್ಷೇಪಣೆಯನ್ನು ಗಡುವಿನೊಳಗೆ ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಧಾನಸಭೆಯ ಪಟ್ಟಿಯಲ್ಲಿ ಹೊಸ ಹೆಸರಿಗೆ ನಮೂನೆ 6, ತೆಗೆಯಲು 7, ತಿದ್ದುಪಡಿ ಮತ್ತು ವಿಳಾಸ ಬದಲಿಗೆ 8. ಇವನ್ನು ವರ್ಷದ ಯಾವ ಕಾಲದಲ್ಲೂ ಕೊಡಬಹುದಾದ್ದರಿಂದ ಚುನಾವಣೆಯವರೆಗೆ ಕಾಯಬೇಡಿ.

ವಿಜಯಪುರ, ಬಾಗಲಕೋಟೆಯ ತಾಂಡಾಗಳಿಂದ ಕಬ್ಬು ಕಡಿಯಲು ಗ್ಯಾಂಗುಗಳು ಹೋಗುವುದು ದೀಪಾವಳಿಯ ಆಸುಪಾಸಿನಲ್ಲಿ. 2020ರ ಹಾಗೆ ಡಿಸೆಂಬರ್‌ನಲ್ಲಿ ಮತದಾನ ಬಂದರೆ ವಾರ್ಡಿನ ದೊಡ್ಡ ಪಾಲು ಊರಲ್ಲೇ ಇರುವುದಿಲ್ಲ. ಅವರಿಗೆ ಗಾಡಿ ಮಾಡಿ ಕರೆತರುವುದು ಚುನಾವಣಾ ಅಕ್ರಮದ ಲೆಕ್ಕಕ್ಕೆ ಬರುತ್ತದೆ. ಮುಂಚಿತವಾಗಿ ಫೋನಿನಲ್ಲಿ ದಿನಾಂಕ ತಿಳಿಸುವುದು, ಅವರ ಮುಕಾದಮನ (ಗ್ಯಾಂಗಿನ ಮೇಸ್ತ್ರಿ) ಜೊತೆ ಒಂದು ದಿನದ ರಜೆಯ ಮಾತಾಡುವುದು, ಇಷ್ಟು ಮಾಡಬಹುದು.

ನಾಮಪತ್ರ

ಇಲ್ಲಿ ಹಳಬರೇ ಹೆಚ್ಚು ಎಡವುತ್ತಾರೆ, ಹಿಂದಿನ ಸಲದ ಧೈರ್ಯದಿಂದ. ಮೊದಲು ವಾರ್ಡಿನ ಮೀಸಲಾತಿ ನೋಡಿ. ನಿಮ್ಮ ಸ್ಥಾನ ಮಹಿಳೆಗೆ ಹೋಗಿದ್ದರೆ ಅದೇ ಪಂಚಾಯಿತಿಯ ಬೇರೆ ವಾರ್ಡಿನಲ್ಲಿ ನಿಲ್ಲಲು ಅವಕಾಶವಿದೆ, ಆದರೆ ಸೂಚಕರು ಆ ವಾರ್ಡಿನ ಮತದಾರರೇ ಆಗಿರಬೇಕು. ಹೆಂಡತಿಯ ಹೆಸರಲ್ಲಿ ನಿಂತು ತಾವೇ ಸಭೆಗೆ ಹೋಗುವ ರೂಢಿಯನ್ನು ದಯವಿಟ್ಟು ಬಿಡಿ. ಓಣಿಯ ಸ್ವಸಹಾಯ ಸಂಘ ನಡೆಸಿ ಲೆಕ್ಕ ಬಲ್ಲ ಹೆಣ್ಣುಮಗಳೊಬ್ಬಳು ಪ್ರತಿ ಊರಲ್ಲೂ ಇದ್ದಾಳೆ. ಹದಿನೈದು ವರ್ಷದ ಅನುಭವವನ್ನು ಆಕೆಗೆ ಕಲಿಸಿಕೊಟ್ಟರೆ ಅದು ವ್ಯರ್ಥವಾಗುವುದಿಲ್ಲ.

ಠೇವಣಿ 2020ರಲ್ಲಿ ಸಾಮಾನ್ಯರಿಗೆ 200, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ 100 ರೂಪಾಯಿ ಇತ್ತು. ಮನೆ ಮತ್ತು ನೀರಿನ ಕರ ಪೂರ್ತಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಜಾತಿ ಪ್ರಮಾಣಪತ್ರ ಮೊದಲೇ ತೆಗೆಸಿ. ಪಂಚಾಯಿತಿ ಕಾಮಗಾರಿಯ ಗುತ್ತಿಗೆಯಲ್ಲಿ ಪಾಲಿದ್ದರೆ ಅದು ಅನರ್ಹತೆಗೆ ಕಾರಣ, ಬೇನಾಮಿ ಹೆಸರು ಕಾಪಾಡುತ್ತದೆಂದು ನೆಚ್ಚಬೇಡಿ. ಘೋಷಣಾ ಪತ್ರದಲ್ಲಿ ಯಾವ ಕಲಮನ್ನೂ ಖಾಲಿ ಬಿಡದೆ, ಇಲ್ಲದಲ್ಲಿ ‘ಇಲ್ಲ’ ಎಂದು ಬರೆಯಿರಿ. ಕೊನೆಯ ದಿನದ ಕೊನೆಯ ತಾಸಿಗೆ ಹೋಗಬೇಡಿ, ತಪ್ಪಿದ ಸಹಿ ತಿದ್ದಲು ಹೊತ್ತು ಸಿಗುವುದಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ, ಚಿಹ್ನೆ ಮುಕ್ತ ಪಟ್ಟಿಯಿಂದ ಸಿಗುತ್ತದೆ. ಮತಪತ್ರ ಅಚ್ಚಾಗುವುದು ಕಪ್ಪು-ಬಿಳುಪಿನಲ್ಲಿ, ಅಂಗುಲದಷ್ಟು ಜಾಗದಲ್ಲಿ. ಹೊರಗೆರೆಯಲ್ಲೇ ಗುರುತು ಸಿಗುವ, ಅಜ್ಜಿಯ ಬಾಯಲ್ಲಿ ಒಂದೇ ಮಾತಿಗೆ ಬರುವ ವಸ್ತುವನ್ನು ಆರಿಸಿ. ಆಟೋ, ಹೊಲಿಗೆ ಯಂತ್ರದಂಥವು ಸಿಕ್ಕರೆ ಚೆನ್ನ.

ಸ್ಥಾನವನ್ನು ದೇವಸ್ಥಾನದ ಹೆಸರಲ್ಲಿ ಹರಾಜು ಹಾಕಿ ಅವಿರೋಧ ಮಾಡುವ ಮಾತು ಬಂದರೆ ಎದ್ದು ಹೊರಗೆ ಬನ್ನಿ. ಅದು ಅಪರಾಧ, ಬಡವನ ಮತವನ್ನು ಕಸಿಯುವ ಕೆಲಸ.

ಮತದ ಲೆಕ್ಕ

ಹಳೆಯ ಮೆಂಬರ್ ಸೋಲುವುದು ಹೆಚ್ಚಾಗಿ ಇಲ್ಲಿ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. 1,200 ಜನರ ವಾರ್ಡಿಗೆ ಮೂರು ಸ್ಥಾನ ಇದ್ದರೆ ಪ್ರತಿ ಮತದಾರರಿಗೂ ಮೂರು ಮತ. ಒಬ್ಬ ಅಭ್ಯರ್ಥಿಗೆ ಒಂದೇ ಮುದ್ರೆ. ಮೂರಕ್ಕಿಂತ ಕಡಿಮೆ ಒತ್ತಿದರೆ ನಡೆಯುತ್ತದೆ, ನಾಲ್ಕು ಒತ್ತಿದರೆ ಇಡೀ ಚೀಟಿ ತಿರಸ್ಕೃತ.

ಉದಾಹರಣೆಗೆ 700 ಜನ ಮತ ಹಾಕಿದರೆ ಹಂಚಿಕೆಗೆ 2,100 ಮತ ಇವೆ. ನಿಮ್ಮನ್ನು ಇಷ್ಟಪಡುವವರೇ ಉಳಿದ ಎರಡು ಮತವನ್ನು ಯಾರಿಗೆ ಕೊಡುತ್ತಾರೆ ಎಂಬುದು ಫಲಿತಾಂಶ ತೀರ್ಮಾನಿಸುತ್ತದೆ. ನಿಮ್ಮ ಪ್ರತಿಸ್ಪರ್ಧಿಗೆ ಕೊಟ್ಟರೆ ನಿಮ್ಮ ಮುನ್ನಡೆ ಅಲ್ಲೇ ಸವೆಯುತ್ತದೆ. ‘ನಮ್ಮ ಮೆಂಬರ್ ಹೆಂಗೂ ಗೆದ್ದ ಬರ್ತಾನ, ಈ ಸಲ ಆ ಹುಡುಗಗ ಹಾಕೂಣು’ ಎಂಬ ಮಾತು ಓಣಿಯಲ್ಲಿ ಕೇಳಿದರೆ ಎಚ್ಚರವಾಗಿ. ಗೆಲುವು ಖಾತ್ರಿ ಎಂಬ ಹವಾ ಹಳಬರಿಗೆ ವಿಷ.

ಇದಕ್ಕೆ ಪೆನಲ್ ಕಟ್ಟುತ್ತಾರೆ: ಮೂರು ಸ್ಥಾನಕ್ಕೆ ಮೂವರು, ಬೇರೆ ಬೇರೆ ಓಣಿಯವರು, ಒಬ್ಬರ ಮತ ಇನ್ನೊಬ್ಬರಿಗೆ. ಕೆಡುವುದು ಹೇಗೆಂದರೆ, ಹಿರಿಯ ಮೆಂಬರ್ ತನ್ನ ಕಡೆಯವರಿಗೆ ಗುಟ್ಟಾಗಿ ‘ನನಗಷ್ಟೇ ಒಂಟಿ ಓಟು ಹಾಕ್ರಿ’ ಎನ್ನುತ್ತಾನೆ. ಊರಲ್ಲಿ ಗುಟ್ಟು ಒಂದು ರಾತ್ರಿಯೂ ನಿಲ್ಲದು. ಬೆಳಗಾಗುವಷ್ಟರಲ್ಲಿ ಉಳಿದಿಬ್ಬರ ಓಣಿಗಳು ಅವನ ಹೆಸರು ಕತ್ತರಿಸಿರುತ್ತವೆ. ಪೆನಲ್ ಕಟ್ಟಿದರೆ ಪೂರ್ತಿ ಪಾಲಿಸಿ, ಇಲ್ಲವಾದರೆ ಒಬ್ಬರೇ ನಿಲ್ಲಿ.

ಮಾದರಿ ಚೀಟಿ ಹಿಡಿದು ಮುದ್ರೆ ಒತ್ತುವುದನ್ನು ಮನೆಮನೆಯಲ್ಲಿ ಕಲಿಸಿ: ಚಿಹ್ನೆಯ ಮನೆಯೊಳಗೇ ಒತ್ತಬೇಕು, ಗೆರೆಯ ಮೇಲೆ ಬೇಡ, ಮಸಿ ಆರಿದ ಮೇಲೆ ಮಡಿಸಬೇಕು, ಹೆಬ್ಬೆಟ್ಟು ಅಥವಾ ಸಹಿ ಹಾಕಬಾರದು. ಬಹಿರಂಗ ಪ್ರಚಾರ ಮತದಾನ ಮುಗಿಯುವ 48 ತಾಸು ಮೊದಲು ನಿಲ್ಲಬೇಕು. ಆ ಎರಡು ರಾತ್ರಿ ಬಾಟಲಿ, ನೋಟು ಹಂಚುವವರನ್ನು ನೋಡಿ ನೀವೂ ಕೈ ಹಾಕಬೇಡಿ. ಹಣ ಪಡೆದವರು ಎರಡೂ ಕಡೆ ಪಡೆಯುತ್ತಾರೆ, ಅಕ್ರಮ ಸಾಬೀತಾದರೆ ಗೆದ್ದ ಸ್ಥಾನವೂ ಹೋಗಬಹುದು.

ಎಣಿಕೆಗೆ ಕಣ್ಣು ಚುರುಕಿರುವ ಏಜೆಂಟರನ್ನು ಕಳಿಸಿ. ಮಡಿಸಿದಾಗ ಮಸಿ ಇನ್ನೊಂದು ಚಿಹ್ನೆಯ ಮೇಲೆ ಹತ್ತಿದ್ದರೆ ಆ ಚೀಟಿಯನ್ನು ತಿರಸ್ಕರಿಸಲು ಎದುರಿನವರು ಒತ್ತಾಯಿಸುತ್ತಾರೆ. ಬಾಣದ ಮುದ್ರೆಯನ್ನು ಹಾಗೆ ಮಾಡಿರುವುದೇ ಇದಕ್ಕಾಗಿ: ಹತ್ತಿದ ಗುರುತಿನಲ್ಲಿ ಬಾಣಗಳು ಉಲ್ಟಾ ತಿರುಗಿರುತ್ತವೆ, ಅಸಲು ಯಾವುದು ಎಂದು ತೋರಿಸಬಹುದು. ಮರುಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಿಸುವ ಮೊದಲೇ ಕಾರಣ ಬರೆದು ಅರ್ಜಿ ಕೊಡಬೇಕು, ಆದ್ದರಿಂದ ಬಿಳಿ ಹಾಳೆ ಮತ್ತು ಪೆನ್ನು ಏಜೆಂಟರ ಕಿಸೆಯಲ್ಲಿರಲಿ. ಮತ ಸಮವಾದರೆ ಚೀಟಿ ಎತ್ತುತ್ತಾರೆ.