ಬರ ಬರುವ ಮೊದಲೇ ಎಫ್‌ಎಸ್‌ಎ ಕಚೇರಿಗೆ ಹೋಗಿ ಬನ್ನಿ

ಟೆಕ್ಸಸ್‌ನಲ್ಲಿ ಹತ್ತಿಪ್ಪತ್ತು ಎಕರೆ ತಗೊಂಡು ಆಡೋ ದನವೋ ಕಟ್ಟಿಕೊಂಡ ನಮ್ಮವರು ನನಗೆ ಫೋನ್ ಮಾಡಿದರೆ ಹೆಚ್ಚಾಗಿ ಕೇಳುವುದು ಒಂದೇ: "ಆಗ್ ಎಕ್ಸೆಂಪ್ಷನ್ ಸಿಕ್ಕಿದೆ, ಬರ ಬಂದರೆ ಪರಿಹಾರವೂ ಬರುತ್ತೆ ಅಲ್ವಾ?" ಬರುವುದಿಲ್ಲ. ಆ ತೆರಿಗೆ ರಿಯಾಯಿತಿ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ನದು. ಪರಿಹಾರದ ಹಣ ಅಮೆರಿಕದ ಕೃಷಿ ಇಲಾಖೆಯಾದ ಯುಎಸ್‌ಡಿಎಯದು, ಅದನ್ನು ಕೊಡುವುದು ಫಾರ್ಮ್ ಸರ್ವೀಸ್ ಏಜೆನ್ಸಿ, ಅಂದರೆ ಎಫ್‌ಎಸ್‌ಎ. ಅಲ್ಲಿ ಕೊಟ್ಟ ಕಾಗದ ಇಲ್ಲಿಗೆ ತಾನಾಗಿ ಬರುವುದಿಲ್ಲ.

ಊರಲ್ಲಿ ಬರ ಪರಿಹಾರಕ್ಕೆ ಫ್ರೂಟ್ಸ್ ಐಡಿ ಕೇಳುತ್ತಾರಲ್ಲ, ಇಲ್ಲಿ ಎಫ್‌ಎಸ್‌ಎ ನಿಮ್ಮ ಜಮೀನಿಗೆ ಕೊಡುವ ಫಾರ್ಮ್ ನಂಬರ್ ಹಾಗೆ. ಡೀಡ್ ಅಥವಾ ಲೀಸ್ ಪತ್ರ, ಗುರುತಿನ ಚೀಟಿ, ಬ್ಯಾಂಕ್ ವಿವರ ಹಿಡಿದುಕೊಂಡು ಹೋಗಿ ಮೊದಲು ಅದನ್ನು ಮಾಡಿಸಿಕೊಳ್ಳಿ. ನಿಮ್ಮ ವಿವರದ ಎಡಿ-2047, ಫಾರ್ಮ್ ಯಾರು ಹೇಗೆ ನಡೆಸುತ್ತಾರೆಂಬ ಸಿಸಿಸಿ-902, ಆದಾಯದ ಸಿಸಿಸಿ-941, ಮಣ್ಣು-ಜೌಗು ಸಂರಕ್ಷಣೆಯ ಎಡಿ-1026 ಎಂಬ ಫಾರ್ಮ್‌ಗಳನ್ನೂ ಅದೇ ದಿನ ತುಂಬಿಬಿಡಿ. 941ರ ಪ್ರಕಾರ ಮೂರು ವರ್ಷದ ಸರಾಸರಿ ಆದಾಯ ಸಾಮಾನ್ಯವಾಗಿ 9 ಲಕ್ಷ ಡಾಲರ್ ದಾಟಿರಬಾರದು. ಆಮೇಲೆ ಎಷ್ಟು ಎಕರೆಯಲ್ಲಿ ಏನಿದೆ ಎಂಬ ಎಕರೇಜ್ ರಿಪೋರ್ಟ್ ವರ್ಷವರ್ಷ ಕೊಡಬೇಕು, ಹುಲ್ಲುಗಾವಲಿಗೂ. ಕೊನೆಯ ದಿನ ಯಾವುದೆಂದು ಕೇಳಿ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ.

ಬರಕ್ಕೆ ಸಾಕ್ಷಿ ಡ್ರಾಟ್ ಮಾನಿಟರ್ ಎಂಬ, ಬರದ ತೀವ್ರತೆಯನ್ನು ಬಣ್ಣದಲ್ಲಿ ತೋರಿಸುವ ನಕ್ಷೆ, ಪ್ರತಿ ಗುರುವಾರ ಹೊಸದು ಬರುತ್ತದೆ. ಮೇಯುವ ಕಾಲದಲ್ಲಿ ನಿಮ್ಮ ಕೌಂಟಿಯ ಒಂದು ಮೂಲೆ ಕೆಂಪು ಬಣ್ಣದ ಡಿ3ಗೆ, ಅಂದರೆ ವಿಪರೀತ ಬರಕ್ಕೆ, ತಿರುಗಿದರೂ ಸಾಕು, ಮೇವಿನ ನಷ್ಟಕ್ಕೆ ಎಲ್‌ಎಫ್‌ಪಿ ಎಂಬ ಯೋಜನೆಯಲ್ಲಿ ಅರ್ಜಿ ಹಾಕಬಹುದು.

ಜಾನುವಾರು ಸತ್ತರೆ ಎಲ್‌ಐಪಿ ಎಂಬ ಇನ್ನೊಂದು ಯೋಜನೆ. ಹವಾಮಾನದಿಂದ ಸತ್ತ ಜೀವಕ್ಕೆ ಮಾರುಕಟ್ಟೆ ಬೆಲೆಯ ಶೇ. 75. ಆದರೆ ವ್ಯಾಪಾರಕ್ಕೆ ಸಾಕಿದ್ದಿರಬೇಕು, ಸಾವಿನ ಸಂಖ್ಯೆ ಮಾಮೂಲಿಗಿಂತ ಹೆಚ್ಚಿರಬೇಕು, ಎಷ್ಟಿದ್ದವು ಎಷ್ಟು ಹೋದವು ಎಂಬುದಕ್ಕೆ ಪುರಾವೆ ಇರಬೇಕು. ನಾನು ಸೋತದ್ದು ಇಲ್ಲೇ. 2021ರ ಫೆಬ್ರವರಿಯ ಆ ಚಳಿಯಲ್ಲಿ ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಹಿಂದಿನ ಗೋಡೆಗೆ ಒತ್ತಿಕೊಂಡು 11 ಮರಿಗಳು ಸೆಟೆದು ಬಿದ್ದಿದ್ದವು. ನೀರಿನ ತೊಟ್ಟಿ ತಳದವರೆಗೆ ಮಂಜುಗಡ್ಡೆ. ನೋಡಲಾಗದೆ ಅವತ್ತೇ ಹಳೇ ಕಂಬಳಿಯಲ್ಲಿ ಸುತ್ತಿ ಹೂತುಬಿಟ್ಟೆ. ಫೋಟೋ ಇಲ್ಲ, ಹುಟ್ಟಿದ ದಿನ ಬರೆದಿಟ್ಟಿರಲಿಲ್ಲ. ಅರ್ಜಿಯಲ್ಲಿ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಈಗ ಕೊಟ್ಟಿಗೆಯ ಮೊಳೆಗೆ ನೂಲು ಕಟ್ಟಿದ ನೋಟ್‌ಬುಕ್ ನೇತಾಡುತ್ತಿದೆ: ಕಿವಿಯ ಟ್ಯಾಗ್ ನಂಬರ್, ಹುಟ್ಟಿದ ದಿನ, ಮಾರಿದ ದಿನ. ಭಾನುವಾರ ಎಣಿಸಿ ಒಂದು ಫೋಟೋ. ವೆಟ್ ರಸೀದಿಗಳೆಲ್ಲ ಅದರೊಳಗೇ. ಸತ್ತದ್ದನ್ನು ಹೂಳುವ ಮೊದಲು ಎಷ್ಟೇ ಸಂಕಟವಾದರೂ ಫೋಟೋ ತೆಗೆಯಿರಿ, ಅದೇ ದಿನ ಎಫ್‌ಎಸ್‌ಎಗೆ ತಿಳಿಸಿ.

ಬೆಂಕಿಯ ಮಾತು ಬೇರೆ. 2024ರ ಫೆಬ್ರವರಿಯಲ್ಲಿ ಟೆಕ್ಸಸ್‌ನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್‌ನಲ್ಲಿ ಹೊತ್ತಿದ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ 10 ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು, ಸಾವಿರಾರು ದನ ಹೋದವು, ಬೇಲಿ ಮೈಲಿಗಟ್ಟಲೆ. ಬೇಲಿಗೆ ಇಸಿಪಿ ಎಂಬ ಯೋಜನೆಯಿದೆ, ಆದರೆ ಕಂಬ ನೆಡುವ ಮೊದಲೇ ಕಚೇರಿಗೆ ಹೇಳಬೇಕು. ಗಾಬರಿಯಲ್ಲಿ ಮೊದಲು ಬೇಲಿ ಕಟ್ಟಿ ಆಮೇಲೆ ಬಿಲ್ ಹಿಡಿದು ಹೋದರೆ ಆ ಹಣ ಕೈತಪ್ಪಬಹುದು.

ಎಚ್-1ಬಿಯಲ್ಲಿ ಇರುವವರು ಇದನ್ನು ಎರಡು ಸಲ ಓದಿ. ಗ್ರೀನ್ ಕಾರ್ಡ್ ಬರುವ ಮೊದಲು 10 ಎಕರೆಗಿಂತ ಹೆಚ್ಚು ಕೃಷಿ ಭೂಮಿ ಕೊಂಡರೆ 90 ದಿನದೊಳಗೆ ಎಫ್‌ಎಸ್‌ಎ-153 ಫಾರ್ಮ್ ಕೊಡಲೇಬೇಕು, ವಿದೇಶಿಯರು ಕೃಷಿ ಭೂಮಿ ಕೊಂಡರೆ ತಿಳಿಸಬೇಕೆನ್ನುವ ಅಫಿಡಾ ಕಾನೂನು ಅದು. ತಪ್ಪಿದರೆ ದಂಡ ಜಮೀನಿನ ಬೆಲೆಯ ಶೇ. 25ರವರೆಗೆ ಹೋಗಬಹುದು. ವೀಸಾದ ಮೇಲೆ ನೀವೇ ಫಾರ್ಮ್ ನಡೆಸಬಹುದೇ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ವಕೀಲರ ಹತ್ತಿರ ಕೇಳಿಯೇ ಹೆಜ್ಜೆ ಇಡಿ.

ಬಂದ ಪರಿಹಾರಕ್ಕೆ ತೆರಿಗೆ ಉಂಟು, ಸರ್ಕಾರ ಕೊಟ್ಟ ಹಣದ ಲೆಕ್ಕ ತೋರಿಸುವ 1099-ಜಿ ಎಂಬ ತೆರಿಗೆ ಫಾರ್ಮ್ ಬರುತ್ತದೆ. ಅರ್ಜಿ ತಿರಸ್ಕಾರವಾದರೆ ಸುಮ್ಮನಾಗಬೇಡಿ, ಮರುಪರಿಶೀಲನೆ ಕೇಳಿ. ಕೌಂಟಿ ಕಮಿಟಿಯಲ್ಲಿ ಕೂತವರು ಅಲ್ಲಿನ ರೈತರೇ ಆರಿಸಿದ ರೈತರು, ಚಳಿಗೆ ಮರಿ ಕಳೆದುಕೊಳ್ಳುವುದು ಏನೆಂದು ಅವರಿಗೆ ಗೊತ್ತು. ಮೊದಲ ಸಲ ಒಬ್ಬರೇ ಹೋಗಲು ಅಳುಕಿದರೆ ಹೇಳಿ, ಜೊತೆಗೆ ನಾನು ಬರುತ್ತೇನೆ.